ತುಣುಕಿನ ಬುಡ, ಗಡ್ಡೆಯ ಬುಡ: ಫಿರ್ಖೋ ವರದಿಗಳ ಮರುಓದು

1887ರ ಜೂನ್‌ನಲ್ಲಿ ರುಡಾಲ್ಫ್ ಫಿರ್ಖೋ (ನಮ್ಮ ಪಠ್ಯಪುಸ್ತಕಗಳ ವಿರ್ಚೋ) ಬರೆದ ಒಂದು ಬಯಾಪ್ಸಿ ವರದಿಯ ಕೊನೆಯಲ್ಲಿ ಮೂರು ವಾಕ್ಯಗಳು ಒಂದರ ಹಿಂದೊಂದು ಬರುತ್ತವೆ. ಕತ್ತರಿಸಿದ ಮೈಯಲ್ಲಿ ಅಂಗಾಂಶ ಆರೋಗ್ಯವಾಗಿದೆ, ಆದ್ದರಿಂದ ರೋಗದ ಮುಂದಿನ ಗತಿಯ ಬಗ್ಗೆ ಒಳ್ಳೆಯ ಭರವಸೆ ಇಟ್ಟುಕೊಳ್ಳಬಹುದು ಎಂಬುದು ಮೊದಲನೆಯದರ ಸಾರ. ಈ ಮಾತು ಇಡೀ ರೋಗಕ್ಕೆ ಸಲ್ಲುತ್ತದೆಯೇ ಎಂದು ಈ ಎರಡು ತುಣುಕುಗಳಿಂದ ಖಚಿತವಾಗಿ ಹೇಳಲಾಗದು ಎಂಬುದು ಎರಡನೆಯದು. ಆದರೂ ಇದಕ್ಕಿಂತ ದೊಡ್ಡ ಕೇಡನ್ನು ಶಂಕಿಸುವಂಥದ್ದು ಇವುಗಳಲ್ಲಿ ಏನೂ ಇಲ್ಲ ಎಂಬುದು ಮೂರನೆಯದು. ರೋಗಿ ಜರ್ಮನಿಯ ಯುವರಾಜ ಫ್ರೆಡರಿಕ್. ಮರುವರ್ಷ ಜೂನ್ 15ರಂದು, 99 ದಿನ ಚಕ್ರವರ್ತಿಯಾಗಿದ್ದು, ಧ್ವನಿಪೆಟ್ಟಿಗೆಯ ಕ್ಯಾನ್ಸರಿನಿಂದ ಆತ ತೀರಿಕೊಂಡ.

ಫಿರ್ಖೋನನ್ನು ದೂರುವವರು ಒಂದನೆಯ ಮತ್ತು ಮೂರನೆಯ ವಾಕ್ಯ ಹಿಡಿದುಕೊಳ್ಳುತ್ತಾರೆ. ಅವನ ಪರ ನಿಲ್ಲುವವರು ಎರಡನೆಯದನ್ನು. ನಾನು ಬಹುಕಾಲ ಎರಡನೆಯ ಗುಂಪಿನಲ್ಲಿದ್ದೆ. ರೋಗಶಾಸ್ತ್ರದ ತರಗತಿಗಳಲ್ಲಿ 'ನೋಡಿ, ಗುರು ಎಚ್ಚರಿಸಿದ್ದ, ಕೇಳಿಸಿಕೊಳ್ಳುವವರು ಇರಲಿಲ್ಲ' ಎಂದು ವರ್ಷವರ್ಷವೂ ಹೇಳಿದ್ದೇನೆ. ಆ ಪಾಠವನ್ನು ಈಗ ಅರ್ಧದಷ್ಟು ಹಿಂತೆಗೆದುಕೊಳ್ಳಬೇಕಾಗಿದೆ. ವಾದಿ ಪ್ರತಿವಾದಿಗಳಿಬ್ಬರೂ ಜೂನ್ ವರದಿಯ ಮೇಲೆ ಜಗಳವಾಡಿದ್ದಾರೆ. ತೂಕವಿರುವುದು ಅದರ ಮುಂದಿನ ವರದಿಯಲ್ಲಿ.

ಬಿಸ್ಮಾರ್ಕ್, ವಿಕ್ಟೋರಿಯಾ ರಾಣಿ, ಫ್ರೆಡರಿಕ್ ಬದುಕಿದ್ದರೆ ಮಹಾಯುದ್ಧವೇ ತಪ್ಪುತ್ತಿತ್ತೆಂಬ ಊಹೆ, ಇವನ್ನೆಲ್ಲ ಬದಿಗಿಡುತ್ತೇನೆ. (ಆ ಊಹೆಯನ್ನು ಇತಿಹಾಸವೆಂದು ಅಚ್ಚು ಹಾಕುವವರೊಂದಿಗೆ ನನಗೆ ವಾದವಿಲ್ಲ, ವಾದಕ್ಕೆ ಬೇಕಾದ ಪುರಾವೆ ಅಲ್ಲಿ ಇಲ್ಲ.) ಬೇಕಾದಷ್ಟು ಇದು: ಎಡ ಸ್ವರತಂತುವಿನ ಮೇಲಿನ ಗಂಟನ್ನು ಬರ್ಲಿನ್ನಿನ ವೈದ್ಯ ಗೆರ್ಹಾರ್ಟ್ 1887ರ ಮಾರ್ಚ್‌ನಲ್ಲಿ ಕಾದ ತಂತಿಯಿಂದ ದಿನಗಟ್ಟಲೆ ಸುಟ್ಟ. ಗಂಟು ಮತ್ತೆ ಬೆಳೆಯಿತು. ಮೇ ತಿಂಗಳಲ್ಲಿ ಶಸ್ತ್ರವೈದ್ಯ ಬೆರ್ಗ್‌ಮನ್ ಕುತ್ತಿಗೆಯ ಹೊರಗಿನಿಂದ ಧ್ವನಿಪೆಟ್ಟಿಗೆಯನ್ನು ಸೀಳಿ ಗಂಟನ್ನು ತೆಗೆಯಲು ಸಜ್ಜಾಗಿದ್ದ. ಲಂಡನ್ನಿನಿಂದ ಬಂದ ಗಂಟಲುವೈದ್ಯ ಮೊರೆಲ್ ಮೆಕೆಂಝಿ, ಅಂಗಾಂಶ ಪರೀಕ್ಷೆಯಿಲ್ಲದೆ ಕತ್ತಿ ಬೇಡ ಎಂದು ತಡೆದ. 'ಬಯಾಪ್ಸಿ' ಎಂಬ ಪದವನ್ನು ಪ್ಯಾರಿಸ್ಸಿನ ಬೆನಿಯೇ ಟಂಕಿಸಿ ಆಗಿನ್ನೂ ಎಂಟೇ ವರ್ಷ. ತತ್ವವಾಗಿ ಮೆಕೆಂಝಿ ಕೇಳಿದ್ದು ಸರಿ. ಇಂದು ಯಾವ ಆಸ್ಪತ್ರೆಯೂ ಇನ್ನೊಂದು ರೀತಿ ನಡೆದುಕೊಳ್ಳದು.

ಮೇ 21ರಂದು ತೆಗೆದ ಮೊದಲ ಚೂರು ತೀರ ಚಿಕ್ಕದು, ಅದರಲ್ಲಿ ಕೆರಳಿದ ಮೇಲ್ಪೊರೆಗಿಂತ ಹೆಚ್ಚೇನೂ ಸಿಗಲಿಲ್ಲ. ಎರಡು ದಿನಗಳ ನಂತರದ ಯತ್ನದಲ್ಲಿ ತುಣುಕೇ ಬರಲಿಲ್ಲ, ಬದಲಿಗೆ ಇಕ್ಕಳ ಆರೋಗ್ಯವಾಗಿದ್ದ ಬಲ ಸ್ವರತಂತುವನ್ನು ಕಚ್ಚಿತು ಎಂದು ಗೆರ್ಹಾರ್ಟ್ ಆರೋಪಿಸಿದ, ಮೆಕೆಂಝಿ ಅಲ್ಲಗಳೆದ. ಜೂನ್ ಮೊದಲ ಭಾಗದಲ್ಲಿ ಸಿಕ್ಕ ಎರಡು ತುಣುಕುಗಳ ಮೇಲೆ ಬಂದದ್ದೇ ಆ ಮೂರು ವಾಕ್ಯಗಳ ವರದಿ. ವಿಕ್ಟೋರಿಯಾಳ ಸುವರ್ಣೋತ್ಸವಕ್ಕೆ ಯುವರಾಜ ಇಂಗ್ಲೆಂಡಿಗೆ ಹೋದ. ಜೂನ್ 28ರಂದು ಅಲ್ಲಿ ಇನ್ನೊಂದು ತುಣುಕು ತೆಗೆದು ಬರ್ಲಿನ್ನಿಗೆ ಕಳಿಸಲಾಯಿತು.

ಅದರ ಮೇಲೆ ಫಿರ್ಖೋ ಬರೆದ ವರದಿಯನ್ನು ನನ್ನ ಹಿಂದಿನವರು ಯಾಕೆ ಓಡಿಸಿಕೊಂಡು ಓದಿದರೋ ತಿಳಿಯದು. ಇದು ಗಡುಸಾದ, ಕವಲೊಡೆದ ನರುಲಿ, ತುಸು ಕೆರಳಿ ದಪ್ಪವಾದ ಮೇಲ್ಮೈಯಿಂದ ಹುಟ್ಟಿದ್ದು, ಒಳಕ್ಕೆ ಇಳಿಯುತ್ತಿರುವ ಬೆಳವಣಿಗೆ ಎಂದು ನಂಬಲು ಇದರ ಬುಡದಲ್ಲಿ ಎಳ್ಳಷ್ಟೂ ಆಧಾರವಿಲ್ಲ ಎಂಬುದು ಅದರ ತಿರುಳು. ಹೆಸರು 'ಪ್ಯಾಕಿಡರ್ಮಿಯಾ ವೆರುಕೋಸಾ'. ಜೂನ್ ವರದಿಯಲ್ಲಿದ್ದ 'ಈ ತುಣುಕುಗಳಿಂದ ಖಚಿತವಾಗಿ ಹೇಳಲಾಗದು' ಎಂಬ ಮಾತು ಇಲ್ಲಿ ಮಾಯ. ಅದರ ಜಾಗದಲ್ಲಿ ಕೂತಿರುವುದು 'ಬುಡ' ಎಂಬ ಒಂದು ಪದ.

ಯಾವುದರ ಬುಡ? ಗರಿಕೆಯನ್ನು ಸೆಳೆದರೆ ಕೈಗೆ ಬರುವ ದಂಟಿಗೂ ಒಂದು ಬುಡವಿರುತ್ತದೆ. ಬೇರು ಮಣ್ಣಿನಲ್ಲೇ ಉಳಿದಿರುತ್ತದೆ. ಫಿರ್ಖೋ ಮುಂದೆ ಇದ್ದದ್ದು ತುಣುಕಿನ ಬುಡ, ವರದಿ ಓದಿದವರು ಅರ್ಥ ಮಾಡಿಕೊಂಡದ್ದು ಗಡ್ಡೆಯ ಬುಡ. ಮೆಕೆಂಝಿ ಬಾಯಿಯ ಮೂಲಕ ಇಕ್ಕಳ ಇಳಿಸಿ, ಪುಟ್ಟ ಕನ್ನಡಿಯಲ್ಲಿ ಹಿಂದುಮುಂದಾಗಿ ಕಾಣುವ ಬಿಂಬ ನೋಡುತ್ತ ಚೂರು ಕಿತ್ತವನು. ಆ ಇಕ್ಕಳ ಕಚ್ಚುವುದು ಎದ್ದು ನಿಂತದ್ದನ್ನು. ಸ್ವರತಂತುವಿನ ಸ್ನಾಯುವಿಗೆ ಇಳಿದದ್ದು ಅದರ ಬಾಯಿಗೆ ಸಿಗುವಂತಿರಲಿಲ್ಲ.

ಪ್ರಯೋಗಾಲಯದಲ್ಲಿ ಕೂತವರಿಗೆ ಇದು ದಿನನಿತ್ಯದ ಗೋಳು. ಫಾರ್ಮಲಿನ್ ಸೀಸೆಯಲ್ಲಿ ಎಳ್ಳುಕಾಳಿನಷ್ಟು ಚೂರು ಬರುತ್ತದೆ. ಕಳೆದುಹೋಗದಿರಲೆಂದು ಅದಕ್ಕೆ ಒಂದು ತೊಟ್ಟು ಇಯೋಸಿನ್ ಹಾಕಿ, ಫಿಲ್ಟರ್ ಕಾಗದದಲ್ಲಿ ಮಡಿಸಿಡುತ್ತೇವೆ. ಮೇಣದಲ್ಲಿ ಕೂರಿಸುವಾಗ ಮೇಲ್ಮೈ ಯಾವ ಕಡೆ, ತಳ ಯಾವ ಕಡೆ ಎಂದು ಭೂತಗನ್ನಡಿ ಹಿಡಿದು ಹುಡುಕುತ್ತೇವೆ. ಓರೆಯಾಗಿ ಕೂತರೆ ಮುಗಿಯಿತು: ನಿರುಪದ್ರವಿ ಮೇಲ್ಪೊರೆಯೂ ಆಳಕ್ಕೆ ನುಗ್ಗಿದ ದ್ವೀಪಗಳಂತೆ ಕಾಣುತ್ತದೆ, ನಿಜವಾಗಿ ನುಗ್ಗಿದ್ದು ಕಾಣದೆಯೂ ಹೋಗುತ್ತದೆ. ಒಮ್ಮೆ ನಾನೇ ಇಂಥ ಚೂರಿನ ಮೇಲೆ 'ಕ್ಯಾನ್ಸರ್ ಇಲ್ಲ' ಎಂದು ಬರೆದು, ಎರಡನೆಯ ಬಯಾಪ್ಸಿ ಬಂದಾಗ ತಲೆ ತಗ್ಗಿಸಿದ್ದೇನೆ. 'ಕಳಿಸಿದ ಭಾಗದಲ್ಲಿ ಕ್ಯಾನ್ಸರ್ ಕಂಡುಬಂದಿಲ್ಲ' ಎಂದು ಬರೆಯಬೇಕಿತ್ತು. ಮೇಲಾಗಿ, ತಳದ ಅಂಗಾಂಶ ಬಂದಿಲ್ಲ, ಮತ್ತೆ ಆಳವಾಗಿ ತೆಗೆದು ಕಳಿಸಿ ಎಂದೂ.

ಫಿರ್ಖೋನ ಬುಡದ ವಾಕ್ಯವನ್ನು ಅಲುಗಿಸಬಲ್ಲ ಸಾಕ್ಷ್ಯ ಆಗಲೇ ಇತ್ತು, ಆದರೆ ಸ್ಲೈಡಿನ ಮೇಲಲ್ಲ. ಮೇ ತಿಂಗಳಲ್ಲೇ ಎಡ ಸ್ವರತಂತುವಿನ ಚಲನೆ ಮಂದವಾಗಿದ್ದನ್ನು ಜರ್ಮನ್ ವೈದ್ಯರು ಗುರುತಿಸಿದ್ದರು. ಮೇಲ್ಮೈಯಲ್ಲಿ ಕೂತ ನರುಲಿ ಸ್ವರತಂತುವನ್ನು ಹಾಗೆ ಕಟ್ಟಿಹಾಕುವುದಿಲ್ಲ, ಏನೋ ಕೆಳಗಿಳಿದಿರಬೇಕು. ಗೆರ್ಹಾರ್ಟ್ ಮತ್ತು ಬೆರ್ಗ್‌ಮನ್‌ರ ಕ್ಯಾನ್ಸರ್ ಶಂಕೆಗೆ ಇದು ಮುಖ್ಯ ಆಧಾರ. ಮೆಕೆಂಝಿಯ ಅಭಿಮಾನಿಗಳು ಈ ಚಿಹ್ನೆಯನ್ನು ಅಡಿಟಿಪ್ಪಣಿಗೆ ತಳ್ಳುವುದನ್ನು ಕಂಡರೆ ನನಗೆ ಬೇಸರ ಬರುತ್ತದೆ. (ಅವನ 1888ರ ಸ್ವಸಮರ್ಥನೆಯ ಪುಸ್ತಕವನ್ನು ಸಾಕ್ಷ್ಯವಾಗಿ ಓದಬಹುದು, ತೀರ್ಪಾಗಿ ಅಲ್ಲ. ಅದೇ ವರ್ಷ ಜರ್ಮನ್ ವೈದ್ಯರು ಹೊರತಂದ ಪುಸ್ತಕಕ್ಕೂ ಇದೇ ಮಾತು.)

ಸಿದ್ಧಾಂತವೇ ಫಿರ್ಖೋನ ಕಣ್ಣು ಕಟ್ಟಿತು ಎನ್ನುವ ಇನ್ನೊಂದು ವಾದವಿದೆ. ಕ್ಯಾನ್ಸರ್ ಸಂಯೋಜಕ ಅಂಗಾಂಶದಿಂದ ಹುಟ್ಟುತ್ತದೆ ಎಂದು 1860ರ ದಶಕದಲ್ಲಿ ಆತ ಹೇಳಿದ್ದು ನಿಜ, ಟಿಯರ್ಷ್ 1865ರಲ್ಲೂ ವಾಲ್ಡೆಯರ್ 1867ರಿಂದಲೂ ಮೇಲ್ಪೊರೆಯೇ ಮೂಲವೆಂದು ತೋರಿಸಿದ್ದೂ ನಿಜ. ಆದರೆ ಈ ವರದಿಗಳಲ್ಲಿ ಫಿರ್ಖೋ ಹುಡುಕುತ್ತಿರುವುದು ಕೆಳಕ್ಕೆ ನುಗ್ಗಿದ ಬೆಳವಣಿಗೆಯನ್ನೇ. ವಾಲ್ಡೆಯರ್ ಆ ಕುರ್ಚಿಯಲ್ಲಿ ಕೂತಿದ್ದರೂ ಅದನ್ನೇ ಹುಡುಕುತ್ತಿದ್ದ, ಅದೇ ತುಣುಕಿನಲ್ಲಿ ಅವನಿಗೂ ಸಿಗುತ್ತಿರಲಿಲ್ಲ. ಹಳೆಯ ಸಿದ್ಧಾಂತವನ್ನು ಎಳೆದು ತಂದು ಹೊಸ ತಪ್ಪಿಗೆ ಕಟ್ಟುವುದು ಸೋಮಾರಿ ಇತಿಹಾಸ.

ಅವನನ್ನು ಪೂರ್ತಿ ಬಿಡುಗಡೆ ಮಾಡಲು ಬಂದ ಹೊಸ ಸಾಕ್ಷಿ ವೆರುಕಸ್ ಕಾರ್ಸಿನೋಮ. 1948ರಲ್ಲಿ ಆಕರ್ಮನ್ ಬಾಯಿಯೊಳಗಿನ ಗಡ್ಡೆಗಳಲ್ಲಿ ವಿವರಿಸಿದ ಈ ಬಗೆ ಮೇಲೆ ನರುಲಿಯಂತೆ ಕಾಣುತ್ತದೆ. ಜೀವಕೋಶಗಳು ಸಾಧುವಾಗಿರುತ್ತವೆ, ಬೇರು ಬಿಡದೆ ಅಗಲವಾದ ಮೊಂಡು ತುದಿಗಳಿಂದ ಕೆಳಗಿನ ಅಂಗಾಂಶವನ್ನು ಒತ್ತಿಕೊಂಡು ಹೋಗುತ್ತದೆ. ಮೇಲಿನ ಚೂರಿನಿಂದ ಇದನ್ನು ಇಂದಿಗೂ ಯಾರೂ ಗುರುತಿಸಲಾರರು. ಯುವರಾಜನದು ಇದರ ಮಿಶ್ರರೂಪ, ಅಂದರೆ ಒಳಗೆ ಸಾಮಾನ್ಯ ಸ್ಕ್ವಾಮಸ್ ಕ್ಯಾನ್ಸರ್ ಸೇರಿಕೊಂಡದ್ದು ಇರಬಹುದೆಂದು 2011ರಲ್ಲಿ, ಫಿರ್ಖೋನ ಹೆಸರನ್ನೇ ಹೊತ್ತ ಪತ್ರಿಕೆಯಲ್ಲಿ, ಕಾರ್ಡೆಸಾ ಮತ್ತು ಸಂಗಡಿಗರು ವಾದಿಸಿದರು. ಶುದ್ಧ ವೆರುಕಸ್ ಕ್ಯಾನ್ಸರ್ ಹಾಲ್ರಸ ಗ್ರಂಥಿಗಳಿಗೆ ಹರಡುವುದಿಲ್ಲ, ಇಲ್ಲಿ ಹರಡಿತ್ತು, ಹಾಗಾಗಿ 'ಮಿಶ್ರ' ಎಂದದ್ದು ಜಾಣತನ. ಈ ನಿದಾನವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಇದು ಫಿರ್ಖೋ ಕಂಡದ್ದನ್ನು ಸಮರ್ಥಿಸುತ್ತದೆಯೇ ಹೊರತು, ಕಾಣದ್ದರ ಬಗ್ಗೆ ಬರೆದದ್ದನ್ನಲ್ಲ. ಸ್ಲೈಡನ್ನು ಆತ ಸರಿಯಾಗಿಯೇ ಓದಿದ. ಜೂನ್‌ನಲ್ಲಿ ವರದಿಯನ್ನೂ ಸರಿಯಾಗಿಯೇ ಬರೆದ. ಜೂನ್ 28ರ ತುಣುಕಿನ ವರದಿಗೆ ಬರುವಷ್ಟರಲ್ಲಿ ಷರತ್ತಿನ ವಾಕ್ಯ ಬಿದ್ದುಹೋಯಿತು. ಆಮೇಲೆ ಜುಲೈನಲ್ಲೇ ಬರ್ಲಿನ್ ವೈದ್ಯಸಂಘದ ಮುಂದೆ ಧ್ವನಿಪೆಟ್ಟಿಗೆಯ ಪ್ಯಾಕಿಡರ್ಮಿಯಾದ ಬಗ್ಗೆ ಉಪನ್ಯಾಸವನ್ನೂ ಕೊಟ್ಟ. ಆ ಹೆಸರಿಗೆ ಅವನ ಹೆಸರಿನ ಬೆಂಬಲ ಸಿಕ್ಕಿತು. ಮೆಕೆಂಝಿಗೆ ಸೆಪ್ಟೆಂಬರಿನಲ್ಲಿ ಸರ್ ಪದವಿ ಬಂತು.

ನವೆಂಬರಿನಲ್ಲಿ, ಯುವರಾಜನಿದ್ದ ಸಾನ್ ರೆಮೋದಲ್ಲಿ ಸೇರಿದ ವೈದ್ಯರಿಗೆ ಕ್ಯಾನ್ಸರ್ ಎನ್ನಲು ಬರಿಗಣ್ಣೇ ಸಾಕಾಯಿತು. 1888ರ ಫೆಬ್ರವರಿ 9ರಂದು ಬ್ರಾಮನ್ ಉಸಿರಾಟಕ್ಕಾಗಿ ಗಂಟಲಲ್ಲಿ ರಂಧ್ರ ಕೊರೆದ. ಮಾರ್ಚ್ ಆರಂಭದಲ್ಲಿ ವಾಲ್ಡೆಯರ್, ರೋಗಿ ಕೆಮ್ಮಿ ಉಗುಳಿದ ಕಫವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರಲ್ಲೇ ಕ್ಯಾನ್ಸರ್ ಗುರುತಿಸಿದ. ಪಾಪಾನಿಕೊಲೌನಿಂದಲೇ ಕೋಶಪರೀಕ್ಷೆಯ ಕಥೆ ಆರಂಭಿಸುವವರು ಈ ಪುಟವನ್ನು ತಿರುಗಿಸಿಯೂ ನೋಡುವುದಿಲ್ಲ. ಇಕ್ಕಳ ಎಂಟು ತಿಂಗಳ ಹಿಂದೆ ತಾರದಿದ್ದ ಉತ್ತರವನ್ನು ಗಡ್ಡೆ ತಾನೇ ಕಳಚಿ ಮೇಲೆ ಕಳಿಸಿತ್ತು.

ಜೂನ್ 16ರ ಶವಪರೀಕ್ಷೆಯಲ್ಲಿ ಫಿರ್ಖೋ, ವಾಲ್ಡೆಯರ್ ಇಬ್ಬರೂ ಇದ್ದರು. ಕುತ್ತಿಗೆಯ ಹಾಲ್ರಸ ಗ್ರಂಥಿಗೆ ಹರಡಿದ್ದ ಗಂಟಿನಲ್ಲಿ ಕ್ಯಾನ್ಸರ್ ಸಿಕ್ಕಿತು. ಆದರೆ ಧ್ವನಿಪೆಟ್ಟಿಗೆ ಕೊಳೆತು ಕರಗಿ, ಅದರ ಜಾಗದಲ್ಲಿ ಒಂದು ದೊಡ್ಡ ಹುಣ್ಣು ಉಳಿದಿತ್ತು. ನರುಲಿ ಎಲ್ಲಿತ್ತು, ಅದರ ಕೆಳಗೆ ಏನಿತ್ತು ಎಂದು ತೋರಿಸಲು ಬುಡವೇ ಇರಲಿಲ್ಲ.