ತಾನಾಗಿ ಬಂದ ಬಣ್ಣ, ಕೇಳಿ ಪಡೆದ ಕನ್ನಡ

ಕಂಪ್ಯೂಟರ್ ಕೊಂಡವರಲ್ಲಿ ಹೆಚ್ಚಿನವರು ಪರದೆಯ ಬಣ್ಣ ಬದಲಿಸುವ ಗೋಜಿಗೆ ಹೋಗುವುದಿಲ್ಲ. ಕಂಪನಿ ಕೊಟ್ಟದ್ದೇ ವರ್ಷಗಟ್ಟಲೆ ಕಣ್ಣೆದುರು ಇರುತ್ತದೆ. ಆ ಮೊದಲ ನೋಟ ಹಾಗೇಕೆ ಇತ್ತು ಎಂಬುದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಕಾರಣಗಳಿವೆ.

ಮೊದಮೊದಲು ಕಾರಣ ಯಂತ್ರದ ಬಡತನ. 1984ರ ಮ್ಯಾಕಿಂತೋಷ್‌ಗೆ ಕಪ್ಪು, ಬಿಳಿ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಒಂದು ಬಿಟ್ಟೊಂದು ಚುಕ್ಕಿಯನ್ನು ಕಪ್ಪಾಗಿಸಿ ಬೂದು ಬಣ್ಣದ ಭ್ರಮೆ ಹುಟ್ಟಿಸಿದರು. ವಿಂಡೋಸ್ 95ರ ಹಸಿರುನೀಲಿಯೂ ಅದೇ ಸಂಕಟದ ಕೂಸು. ಆಗಿನ ವಿಜಿಎ ಪರದೆಯಲ್ಲಿ ನೆಚ್ಚಿಕೊಳ್ಳಬಹುದಾಗಿದ್ದದ್ದು 16 ಬಣ್ಣ. ಕೆಂಪನ್ನು ಪೂರ್ತಿ ಆರಿಸಿ, ಹಸಿರು, ನೀಲಿಗಳನ್ನು ಅರ್ಧರ್ಧ ಬೆಳಗಿಸಿದರೆ ಈ ಬಣ್ಣ ಸಿಗುತ್ತಿತ್ತು. 640 × 480 ಚುಕ್ಕಿಗಳ, 256 ಬಣ್ಣದ ಚಿತ್ರವೊಂದನ್ನು ಹಾಸಿದರೆ ಸುಮಾರು 300 ಕೆಬಿ ಬೇಕು. 4 ಎಂಬಿ ಮೆಮೊರಿಯಲ್ಲೂ ಓಡಬೇಕಿದ್ದ ವಿಂಡೋಸ್‌ಗೆ ಅದು ದುಬಾರಿ.

2001ರ ವಿಂಡೋಸ್ ಎಕ್ಸ್‌ಪಿ ಹೊತ್ತಿಗೆ ಈ ಬಡತನ ಕಳೆದಿತ್ತು. ಚಾರ್ಲ್ಸ್ ಓರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ತೆಗೆದ ಹಸಿರು ಗುಡ್ಡದ ಫೋಟೊ ಜಗತ್ತಿನ ಪರದೆಗಳನ್ನೆಲ್ಲ ತುಂಬಿತು. ಅಲ್ಲಿ ಮುಂಚೆ ಇದ್ದದ್ದು ದ್ರಾಕ್ಷಿತೋಟ. ಫಿಲಾಕ್ಸೆರಾ ಕೀಟದ ಹಾವಳಿಗೆ ಬಳ್ಳಿ ಕಿತ್ತ ಮೇಲೆ ಹುಲ್ಲು ಬಂದಿತ್ತು. ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಕಳೆದುಕೊಂಡ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದವರಿಗೆ ಆ ಹಸಿರಿನ ಹಿಂದಿನ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

  

ಎಕ್ಸ್‌ಪಿಯ ಜೊತೆ ಕನ್ನಡದ ಫಾಂಟೂ ಬಂದಿತ್ತು: ಶೃಂಗೇರಿಯ ಹೊಳೆಯದೇ ಹೆಸರಿನ 'ತುಂಗಾ'. ಆದರೆ ಗುಡ್ಡ ತಾನಾಗಿ ಬಂತು, ತುಂಗೆಯನ್ನು ಕರೆದು ತರಬೇಕಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಯ ವಿಭಾಗ ತೆರೆದು, ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿ, ವಿಂಡೋಸ್ ಸಿಡಿ ಹಾಕಿ, ರೀಸ್ಟಾರ್ಟ್ ಮಾಡಬೇಕಿತ್ತು. ಇಷ್ಟಾದರೂ ಇಂಗ್ಲಿಷಿನ ಅಳತೆಯ ಮೆನುಗಳಲ್ಲಿ ಕನ್ನಡದ ಅಕ್ಷರ ಸಣ್ಣದಾಗಿ ಕಾಣುತ್ತಿತ್ತು, ಒತ್ತಕ್ಷರಗಳಿಗೆ ಇಕ್ಕಟ್ಟು. ಮುಂದಿನ ವಿಂಡೋಸ್ ವಿಸ್ತಾದಿಂದ ಟಿಕ್ಕಿನ ಕಾಟ ತಪ್ಪಿತು. ವಿಂಡೋಸ್ 8ರಲ್ಲಿ ನಿರ್ಮಲಾ ಫಾಂಟ್ ಬಂತು.

ಅಷ್ಟರಲ್ಲಿ ಬಣ್ಣ ಕಂಪನಿಗಳ ಗುರುತಾಗಿತ್ತು. 2004ರಲ್ಲಿ ಕಂದು ಬಣ್ಣದಲ್ಲಿ ಬಂದ ಉಬುಂಟು 2010ರಲ್ಲಿ ಬದನೆಕಾಯಿ ಬಣ್ಣಕ್ಕೆ ಹೊರಳಿತು. 2012ರ ವಿಂಡೋಸ್ 8 ಗಾಜಿನ ಹೊಳಪು ಬಿಟ್ಟು ಚಪ್ಪಟೆ ಬಣ್ಣ ಹಿಡಿಯಿತು. 2018ರಲ್ಲಿ ಮ್ಯಾಕ್‌ನ ಮೊಹಾವೆ ಇಡೀ ಪರದೆಗೆ ಕಪ್ಪು ನೋಟ ಕೊಟ್ಟಿತು. ಕಪ್ಪು ಚುಕ್ಕಿಗಳು ಬೆಳಗದ ಓಎಲ್ಇಡಿ ಪರದೆಗಳಲ್ಲಿ ಬ್ಯಾಟರಿಗೂ ಅದರಿಂದ ಉಳಿತಾಯ.

ಈಗ ಬಣ್ಣಕ್ಕೆ ಬರವಿಲ್ಲ, ಕನ್ನಡದ ಅಕ್ಷರಕ್ಕೂ ಅಡ್ಡಿಯಿಲ್ಲ. ಕನ್ನಡದ ಮೆನುಗಳನ್ನು ಮಾತ್ರ ಇಂದಿಗೂ ಹುಡುಕಿ ಇಳಿಸಿಕೊಳ್ಳಬೇಕು. ಜನ ಕೊಟ್ಟದ್ದನ್ನು ಬದಲಿಸುವುದಿಲ್ಲ ಎಂದಾದರೆ ಮಾರುವ ಅಂಗಡಿಯವರು, ಶಾಲೆ ಕಚೇರಿಗಳಲ್ಲಿ ಯಂತ್ರ ಕೂರಿಸುವವರು ಮೊದಲ ದಿನವೇ ಕನ್ನಡ ಹಾಕಿಕೊಡಲಿ. ಅದೂ ಹಾಗೆಯೇ ಉಳಿದೀತು.