ಬಿಎಸ್-6 ಡೀಸೆಲ್ ಎಂಜಿನ್ ಮತ್ತು ಕುಂದಾಪುರ ಸೀಮೆಯ ಸಣ್ಣ ಓಡಾಟ: ಒಂದು ಟಿಪ್ಪಣಿ

ಹೊಗೆ ನಿಯಮ ಬಿಗಿಯಾದಷ್ಟೂ ಎಂಜಿನ್ ನಾಜೂಕಾಯಿತು ಎಂಬ ದೂರು ಕುಂದಾಪುರ, ಬೈಂದೂರು, ಬ್ರಹ್ಮಾವರದ ಡೀಸೆಲ್ ಕಾರು ಮಾಲೀಕರಲ್ಲಿ ಸಾಮಾನ್ಯ. ದೂರಿನಲ್ಲಿ ಹುರುಳಿದೆ, ಆದರೆ ಕಾರಣ ಹೇಳುವಲ್ಲಿ ಅದು ಎಡವುತ್ತದೆ. ಹೊಸ ನಿಯಮ ಎಂಜಿನ್ನಿನ ಆರೋಗ್ಯವನ್ನು ಗಾಡಿ ದಿನವೂ ಓಡುವ ದಾರಿಗೆ ಕಟ್ಟಿಹಾಕಿತು. ತೊಂದರೆಯ ಮೂಲ ಅಲ್ಲಿದೆ ಎಂಬುದು ಈ ಟಿಪ್ಪಣಿಯ ವಾದ.

ಭಾರತ್ ಸ್ಟೇಜ್ ಹೊಗೆ ನಿಯಮದ ಬಿಎಸ್-4 ಹಂತ ದೇಶದಾದ್ಯಂತ ಜಾರಿಗೆ ಬಂದದ್ದು 2017ರ ಏಪ್ರಿಲ್ 1ರಂದು. ನಡುವಿನ ಬಿಎಸ್-5 ಅನ್ನು ಬಿಟ್ಟು 2020ರ ಏಪ್ರಿಲ್ 1ರಿಂದ ನೇರವಾಗಿ ಬಿಎಸ್-6 ಬಂತು. ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ನೈಟ್ರೋಜನ್ ಆಕ್ಸೈಡ್‌ಗಳ ಮಿತಿ 0.25 ಗ್ರಾಮಿನಿಂದ 0.08ಕ್ಕೆ ಇಳಿಯಿತು, ಮಸಿಕಣದ ಮಿತಿ 0.025ರಿಂದ 0.0045ಕ್ಕೆ. ಪೆಟ್ರೋಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಇಳಿದದ್ದು 0.08ರಿಂದ 0.06ಕ್ಕೆ ಮಾತ್ರ. ಹೊರೆಯೆಲ್ಲ ಡೀಸೆಲ್ಲಿನ ಮೇಲೆ ಬಿತ್ತು. ಸ್ವಿಫ್ಟ್, ಡಿಸೈರ್‌ಗಳಲ್ಲಿ ಓಡುತ್ತಿದ್ದ ಫಿಯೆಟ್ ಮೂಲದ 1248 ಸಿಸಿ ಎಂಜಿನ್ನನ್ನು ಮಾರುತಿ ಬಿಎಸ್-6ಕ್ಕೆ ಏರಿಸದೆ ಕೈಬಿಟ್ಟಿತು. ಸಣ್ಣ ಕಾರಿನ ಬೆಲೆಗೆ ಆ ಖರ್ಚು ಹೊಂದುತ್ತಿರಲಿಲ್ಲ.

ಖರ್ಚಿನ ದೊಡ್ಡ ಪಾಲು ಸೈಲೆನ್ಸರ್ ಸಾಲಿನಲ್ಲಿ ಕೂತಿರುವ ಡಿಪಿಎಫ್, ಅಂದರೆ ಮಸಿ ಹಿಡಿಯುವ ಶೋಧಕದ್ದು. ಅದು ತುಂಬುತ್ತ ಹೋದಂತೆ ಎಂಜಿನ್ನಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯ ಉಷ್ಣತೆಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಗಾಡಿ ಸಾಮಾನ್ಯವಾಗಿ ಗಂಟೆಗೆ 60 ಕಿ.ಮೀ. ಆಸುಪಾಸಿನ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ನಮ್ಮ ನಕ್ಷೆಯ ಮೇಲೆ ಇಟ್ಟು ನೋಡಿದರೆ, ಕುಂದಾಪುರದಲ್ಲಿ ಹೊರಟವರು ಮರವಂತೆ ದಾಟಿ ನಾವುಂದದ ಕಡೆ ಸಾಗುವಷ್ಟು ದೂರ. ಶಾಸ್ತ್ರಿ ಸರ್ಕಲ್ಲಿನಿಂದ ಕೋಟೇಶ್ವರಕ್ಕೆ ಹೋಗಿ ಬರುವ ಗಾಡಿಗೆ ಅಷ್ಟು ಹೊತ್ತು ಸಿಗುವುದೇ ಇಲ್ಲ. ಸುಡುವ ಕೆಲಸ ಶುರುವಾಗುತ್ತದೆ, ಅಷ್ಟರಲ್ಲಿ ಮನೆ ಬಂದು ಎಂಜಿನ್ ಆಫ್ ಆಗುತ್ತದೆ.

ಹೀಗೆ ಅರ್ಧಕ್ಕೆ ನಿಂತದ್ದರ ಗುರುತು ಆಯಿಲ್ ಕಡ್ಡಿಯಲ್ಲಿ ಸಿಗುತ್ತದೆ. ಹಳೆಯ ಎಂಜಿನ್ನಿನಲ್ಲಿ ಆಯಿಲ್ ಮಟ್ಟ ಕಾಲಕ್ರಮೇಣ ಇಳಿಯುತ್ತದೆ, ಇಲ್ಲಿ ಏರುತ್ತದೆ. ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ನೋಡಿದರೆ ಮೇಲಿನ ಗೆರೆಯನ್ನೂ ದಾಟಿರುತ್ತದೆ. ಬೆರಳಿನ ನಡುವೆ ಉಜ್ಜಿದರೆ ಜಿಗುಟಿಲ್ಲ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಮಸಿ ಸುಡಲೆಂದು ಚಿಮ್ಮಿಸಿದ ಡೀಸೆಲ್ಲಿನ ಒಂದು ಪಾಲು ಸಿಲಿಂಡರ್ ಗೋಡೆಯ ಗುಂಟ ಜಾರಿ ಆಯಿಲ್ ಸಂಪಿಗೆ ಇಳಿದಿರುತ್ತದೆ. ತೆಳುವಾದ ಆಯಿಲ್ಲಿನಿಂದ ಮೊದಲು ಪೆಟ್ಟು ತಿನ್ನುವುದು ಟರ್ಬೊ ಮತ್ತು ಬೇರಿಂಗ್. ಆಯಿಲ್ ಕಮ್ಮಿಯಾದರೆ ಮಾತ್ರ ಚಿಂತೆ ಎಂದು ಕಲಿತ ನಾವು, ಹೆಚ್ಚಾದದ್ದನ್ನು ಕಂಡು ನಿಶ್ಚಿಂತರಾಗುತ್ತೇವೆ. ಗಾಡಿ ಮಾರುವವರು ಇದೊಂದು ಮಾತನ್ನು ಕೀ ಕೊಡುವ ದಿನವೇ ಹೇಳಿಬಿಟ್ಟರೆ ಎಷ್ಟೋ ಎಂಜಿನ್ ಉಳಿದೀತು.

ಘಾಟಿಯ ವಿಚಾರ ಬೇರೆ. ಹೊಸಂಗಡಿಯಿಂದ ಬಾಳೆಬರೆ ಘಾಟಿಯನ್ನು ತುಂಬಿದ ಗಾಡಿ ಹತ್ತುವಾಗ ವೇಗ ಕಡಿಮೆಯಿದ್ದರೂ ಎಂಜಿನ್ನಿನ ಮೇಲೆ ಭಾರ ಜಾಸ್ತಿ, ಹೊಗೆಯೂ ಬಿಸಿ. 250 ಡಿಗ್ರಿ ದಾಟಿದ ಮೇಲೆ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡೇ ಮಸಿಯನ್ನು ನಿಧಾನವಾಗಿ ಕರಗಿಸತೊಡಗುತ್ತದೆ. ಎಂಜಿನ್ನಿಗೆ ಕಷ್ಟ ಎಂದು ನಾವು ಮರುಗುವ ಏರುದಾರಿ ಶೋಧಕಕ್ಕೆ ಹಿತ. ಹಿತವೆಂದು ಭಾವಿಸುವ ಪೇಟೆಯ ಓಡಾಟವೇ ಕಂಟಕ.

ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ಹಳೆಯ ಜೀಪುಗಳನ್ನು ತೋರಿಸಿ, ಗಟ್ಟಿತನವೆಂದರೆ ಅದು ಎನ್ನುವವರಿದ್ದಾರೆ. ಅಲ್ಲಿ ಎರಡು ಗುಣಗಳು ಬೆರೆತುಹೋಗಿವೆ: ಕೆಡದಿರುವುದು ಒಂದು, ಕೆಟ್ಟಲ್ಲೇ ಸರಿಯಾಗುವುದು ಇನ್ನೊಂದು. ಯಾಂತ್ರಿಕ ಪಂಪಿನ ಜೀಪಿಗೆ ಎರಡನೆಯ ಗುಣ ಹೇರಳ. ಸ್ಪ್ಯಾನರ್ ಬಲ್ಲ ಚಾಲಕನೇ ದಾರಿಬದಿಯಲ್ಲಿ ಅದನ್ನು ಎಬ್ಬಿಸಬಲ್ಲ. ಬಿಎಸ್-6 ಗಾಡಿ ಕಳೆದುಕೊಂಡಿರುವುದು ಈ ಎರಡನೆಯದನ್ನು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಉಪ್ಪುಗಾಳಿಗೆ ಹಸಿರುಗಟ್ಟಿದ ಸೆನ್ಸರ್ ಪಿನ್ನೂ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ, ಮಸಿ ಕಟ್ಟಿದ ಇಜಿಆರ್ ವಾಲ್ವೂ ಮಾಲೀಕನಿಗೆ ಒಂದೇ ರೀತಿ ಕಾಣುತ್ತವೆ: ಡ್ಯಾಶ್‌ಬೋರ್ಡಿನಲ್ಲಿ ಲೈಟು, ಪಿಕಪ್ ಇಲ್ಲ.

ಇಲ್ಲಿಗೆ ಟ್ಯೂನಿಂಗ್ ಪ್ರವೇಶಿಸುತ್ತದೆ. ಹಿಂದೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುತ್ತಿದ್ದರು. ಈಗ ಆ ಕೆಲಸ ಲ್ಯಾಪ್‌ಟಾಪಿನಲ್ಲಿ. ಡೀಸೆಲ್ ಹೆಚ್ಚಿಸಿದರೆ ಮಸಿಯೂ ಹೆಚ್ಚಿ ಶೋಧಕ ಬೇಗ ತುಂಬುತ್ತದೆ. ಆಮೇಲೆ ಇಜಿಆರ್ ಮುಚ್ಚಿಸುವುದು, ಡಿಪಿಎಫ್ ಒಳಗಿನ ತಿರುಳನ್ನೇ ತೆಗೆಸಿ ಸಾಫ್ಟ್‌ವೇರಿನಲ್ಲಿ ಅದರ ನೆನಪನ್ನು ಅಳಿಸುವುದು. ಗಾಡಿ ಹಗುರವಾಗಿ ಓಡುವುದು ನಿಜ. ಆದರೆ ತಯಾರಕರ ವಿನ್ಯಾಸವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಬರುತ್ತದೆ. 2019ರ ತಿದ್ದುಪಡಿಯ ನಂತರ 182ಎ ಪ್ರಕಾರ ಅಂಥ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸಜೆ ಆಗಬಹುದು.

ಕಾನೂನು ಇದ್ದರೂ ಹಿಡಿಯುವ ಸಾಧನವಿಲ್ಲ. ಎಮಿಷನ್ ಟೆಸ್ಟ್ ಕೇಂದ್ರದಲ್ಲಿ ಡೀಸೆಲ್ ಗಾಡಿಯ ಆಕ್ಸಿಲರೇಟರ್ ಒತ್ತಿ ಅಳೆಯುವುದು ಹೊಗೆಯ ದಟ್ಟಣೆಯನ್ನು. ನೈಟ್ರೋಜನ್ ಆಕ್ಸೈಡ್ ಅದರ ಲೆಕ್ಕಕ್ಕೆ ಬರುವುದಿಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳ ಎಣಿಕೆಯೂ ಇಲ್ಲ. ಇಂಜೆಕ್ಟರ್ ಚೆನ್ನಾಗಿದ್ದರೆ ಶೋಧಕವೇ ಇಲ್ಲದ ಕಾರೂ ಪಾಸಾಗಿ, ಒಂದು ವರ್ಷದ ಸರ್ಟಿಫಿಕೇಟ್ ಪಡೆಯಬಹುದು. ತಯಾರಿಕೆಯ ಕಡೆ ನಿಯಮ ಬಹಳ ಮುಂದೆ ಸಾಗಿದೆ. 2015ರ ಫೋಕ್ಸ್‌ವ್ಯಾಗನ್ ಹಗರಣ ಪ್ರಯೋಗಾಲಯದ ಪರೀಕ್ಷೆಯನ್ನು ಸಾಫ್ಟ್‌ವೇರ್ ವಂಚಿಸಬಲ್ಲದೆಂದು ತೋರಿಸಿದ ಮೇಲೆ ರಸ್ತೆಯ ಮೇಲೇ ಹೊಗೆ ಅಳೆಯುವ ಕ್ರಮಕ್ಕೆ ಬಲ ಬಂತು. ನಮ್ಮಲ್ಲಿ ಅದು 2023ರ ಏಪ್ರಿಲ್‌ನಿಂದ ಕಡ್ಡಾಯ. ಅಷ್ಟು ಬಿಗಿಯಾಗಿ ತಯಾರಾದ ಗಾಡಿಯನ್ನು ಷೋರೂಮಿನಿಂದ ಹೊರಬಂದ ಮೇಲೆ ತೂಗುವ ತಕ್ಕಡಿ ಮಾತ್ರ ಹಳೆಯದು.

ಬೆಲ್ಜಿಯಂ 2022ರ ಜುಲೈನಲ್ಲಿ, ನೆದರ್ಲೆಂಡ್ಸ್ 2023ರ ಜನವರಿಯಲ್ಲಿ, ಜರ್ಮನಿ ಅದೇ ವರ್ಷದ ಜುಲೈನಲ್ಲಿ ವಾಹನ ತಪಾಸಣೆಗೆ ಕಣ ಎಣಿಸುವ ಯಂತ್ರವನ್ನು ತಂದವು. ಎಂಜಿನ್ ಐಡ್ಲಿಂಗಿನಲ್ಲಿರುವಾಗಲೇ ನಳಿಗೆ ಇಟ್ಟು ಎಣಿಸಿದರೆ ಶೋಧಕ ಒಡೆದಿದೆಯೋ ತೆಗೆದುಹಾಕಲಾಗಿದೆಯೋ ಎಂಬ ಸುಳಿವು ಸ್ವಲ್ಪ ಹೊತ್ತಿನಲ್ಲೇ ಸಿಗುತ್ತದೆ. ಬ್ರಹ್ಮಾವರ, ಬೈಂದೂರಿನಂಥ ಪೇಟೆಗಳ ಕೇಂದ್ರಗಳಿಗೂ ಇಂಥ ಯಂತ್ರ ಬರಬೇಕು.