ಸುಳಿವು

ಅಚ್ಚಗನ್ನಡದ ‘ಸುಳಿ’ ಎಂಬ ಧಾತುವಿಗೆ ಸಂಚರಿಸು, ಬೀಸು, ಕ್ಷಣಮಾತ್ರ ತೋರಿ ಮರೆಯಾಗು ಎಂಬ ಅರ್ಥಗಳುಂಟು. ‘ಅವನು ಇತ್ತ ಸುಳಿಯಲೇ ಇಲ್ಲ’ ಎಂಬ ದಿನಬಳಕೆಯ ಮಾತಿನಲ್ಲಿ ಆ ಚಲನೆಯು ಇಂದಿಗೂ ಜೀವಂತವಾಗಿದೆ. ಅರಿ ಎಂಬುದು ಅರಿವು, ನಲಿ ಎಂಬುದು ನಲಿವು ಆದಂತೆ ಇದು ‘ಸುಳಿವು’ ಆಗಿ, ಸಂಚಾರವನ್ನಷ್ಟೇ ಅಲ್ಲದೆ, ಸಂಚರಿಸಿದವನು ಬಿಟ್ಟುಹೋದ ಕುರುಹನ್ನೂ ಸೂಚಿಸತೊಡಗಿ, ಎನ್. ನರಸಿಂಹಯ್ಯನವರಂತಹ ಪತ್ತೇದಾರಿ ಕಾದಂಬರಿಕಾರರ ಓದುಗರಿಗೆ ಚಿರಪರಿಚಿತವಾಯಿತು.

2007ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ತಕಾವೊ ಕಾಟೊ ಎಂಬವರು ಆರಂಭಿಸಿದ, ಈಗ ಬೆಂಗಳೂರಿನಲ್ಲಿಯೂ ನೆಲೆಗೊಂಡಿರುವ ಎಸ್ಕೇಪ್ ರೂಮ್ ಎಂಬ, ಒಗಟುಗಳನ್ನು ಬಿಡಿಸಿ ಕೋಣೆಯಿಂದ ಹೊರಬರುವ ಕ್ರೀಡೆಯು ಈ ಪದಕ್ಕೆ ನೂತನ ಕ್ಷೇತ್ರವೊಂದನ್ನು ಒದಗಿಸಿದೆ. ಕೃತಕವಾಗಿ ರಚಿಸಿದ ಪತ್ತೇದಾರನ ಕೋಣೆಯೊಳಗೆ, ಸಾಮಾನ್ಯವಾಗಿ 60 ನಿಮಿಷಗಳ ಅವಧಿಯಲ್ಲಿ, ಆಡುವ ಮಿತ್ರರಲ್ಲೊಬ್ಬನು ನಿಂತುಹೋದ ಗಡಿಯಾರದ ಮುಳ್ಳುಗಳನ್ನೂ ಇನ್ನೊಬ್ಬಳು ದಿನಚರಿಯಲ್ಲಿ ಗೆರೆಯೆಳೆದ ಗಂಟೆಯನ್ನೂ ಕಂಡು, ಪರಸ್ಪರ ಕೂಗಿ ಹೇಳಿಕೊಂಡಾಗಲೇ ಅವೆರಡೂ ಕೂಡಿ ಬೀಗದ ಅಂಕಿಗಳಾಗುತ್ತವೆ. ಹಂಚಿಕೊಳ್ಳದ ಸುಳಿವು ಅಲ್ಲಿ ನಿಷ್ಫಲ.

ಸಾಕ್ಷ್ಯಕ್ಕೂ ಸುಳಿವಿಗೂ ಇರುವ ಭೇದವನ್ನು ಬರೆಯುವವರು ಕಾಪಾಡಿಕೊಳ್ಳಬೇಕು. ಸಾಕ್ಷ್ಯವು ನಿರ್ಣಯವನ್ನು ಸಮರ್ಥಿಸುತ್ತದೆ; ಸುಳಿವಾದರೋ ಶೋಧಕ್ಕೆ ದಿಕ್ಕನ್ನು ತೋರುತ್ತದೆ. ಆದುದರಿಂದಲೇ ಸಾಕ್ಷ್ಯವನ್ನು ‘ಒದಗಿಸುವ’ ನಾವು, ಸುಳಿವನ್ನು ‘ಹಿಡಿದು ಹೊರಡುತ್ತೇವೆ’.